ಮೌಶಿಯ ಕಬ್ಬಿಣದ ಸಾಹೇಬ

ಹಾನಗಲ್ಲಿನ ಒಂದು ಓಣಿಯಲ್ಲಿ ಒಬ್ಬ ಹೆಂಗಸು ದಿನಾ ಬೆಳಗಾಗುವ ಮೊದಲೇ ಎದ್ದು ಸಾಹೇಬನ ಬಾಯಿ ತೆರೆಸಿ, ಬೂದಿ ಕೆದರಿ ತೆಗೆದು, ಮತ್ತೆ ಬೆಂಕಿ ತುರುಕುತ್ತಿದ್ದರು. ಅವನ ತಲೆಯ ಮೇಲೆ ಹಾಲು ಕಾಸುತ್ತಿದ್ದರು, ಹೊಟ್ಟೆಯೊಳಗೆ ಸಂಡಿಗೆ ಒಣಗಿಸುತ್ತಿದ್ದರು, ಹೆಗಲಿಗೆ ಹಸಿ ಧೋತರ ನೇತುಹಾಕುತ್ತಿದ್ದರು. ಬ್ರಿಟಿಷರ ಸರಕಾರವಿನ್ನೂ ಇದ್ದ ಕಾಲದಲ್ಲಿ ಇಷ್ಟೆಲ್ಲ ಮಾಡಿಯೂ ಅವರು ಒಂದು ದಿನ ಜೈಲು ಕಾಣಲಿಲ್ಲ. ಏಕೆಂದರೆ ಈ ಸಾಹೇಬ ಮನುಷ್ಯನಲ್ಲ, ಎರಕದ ಕಬ್ಬಿಣದ ಒಲೆ.

ಆದರೂ ಜೈಲಿನ ದಾರಿ ಅರ್ಧ ಸವೆದದ್ದು ನಿಜ. ನಾಲ್ವತ್ತೆರಡರ ಚಳವಳಿಯ ದಿನಗಳಲ್ಲಿ ಆ ಮನೆಯ ಮುಂದೆ ನಸುಕಿನಲ್ಲಿ ಹಾದುಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಒಳಗಿನ ಮಾತು ಕೇಳಿಸಿಕೊಂಡು ಹೋಗಿ ಪೊಲೀಸರ ಕಿವಿಗೆ ಹಾಕಿದರು. ಸಾಹೇಬನ ಹೊಟ್ಟೆಗೆ ಬೆಂಕಿ ಹಾಕುವ ಮಾತು ದಿನಾ ನಡೆಯುತ್ತದೆ ಎಂದು. ಒಬ್ಬ ಹವಾಲ್ದಾರ ಬಂದ. ಪಾಪ, ಮರ್ಯಾದೆಯ ಮನುಷ್ಯ. ಅಂಗಳದಲ್ಲೇ ನಿಂತು, "ಅವ್ವಾರ, ನಿಮ್ಮ ಮನ್ಯಾಗ ಸಾಹೇಬ್ರಿಗೆ ಬೆಂಕಿ ಹಚ್ಚಾಕತ್ತಾರಂತ ತಕರಾರ ಬಂದೈತಿ" ಎಂದ.

"ದಿನಾ ಹಚ್ತೇನ್ರಿ," ಎಂದರು ಅವರು. "ಇವತ್ತಿಂದೂ ಆತು. ಬರ್ರಿ, ಹೊಸ್ತಿಲದಾಗ ನಿಂತು ನೋಡ್ರಿ, ಇನ್ನೂ ಕೆಂಪಗ ಅದಾನ."

ಹವಾಲ್ದಾರ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನಗಬೇಕೋ ಬೇಡವೋ ಎಂದು ತಿಳಿಯದೆ ಅವನ ಮೀಸೆ ಸುಮ್ಮನೆ ಅಲುಗಾಡಿತು. ಕೊನೆಗೆ ಅವರು ಕೊಟ್ಟ ಬಿಸಿ ಹಾಲು ಕುಡಿದು, ಸಾಹೇಬರು ಬೆಚ್ಚಗಿದ್ದಾರೆಂದು ಮೇಲಿನವರಿಗೆ ಹೇಳುತ್ತೇನೆಂದು ಹೋದ.

ಅವರನ್ನು ಊರೆಲ್ಲ ಮೌಶಿ ಎನ್ನುತ್ತಿತ್ತು. ಮೌಶಿ ಎಂದರೆ ತಾಯಿಯ ತಂಗಿ. ಅವರು ನಮ್ಮಲ್ಲಿ ಯಾರ ತಾಯಿಯ ತಂಗಿಯೂ ಅಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆಯ ಮೇಲೆ ಕೆಂಪು ಸೀರೆಯ ಸೆರಗು ಎಳೆದುಕೊಂಡು, ಮನೆಯಲ್ಲೇ ಒಂದು ಖಾನಾವಳಿ ನಡೆಸುತ್ತಿದ್ದ ಮಡಿ ಹೆಂಗಸು. ಕನ್ನಡ ಶಾಲೆಯ ಮಾಸ್ತರನಾಗಿ ನಾನು ಹಾನಗಲ್ಲಿಗೆ ಬಂದಾಗ ಅವರ ಪಡಸಾಲೆಯೇ ನನ್ನ ಬಿಡಾರ, ಅವರ ಅಡಿಗೆಯೇ ನನ್ನ ಊಟ. ಕಚೇರಿಯ ಇಬ್ಬರು ಕಾರಕೂನರೂ ಅಲ್ಲೇ ಉಣ್ಣುತ್ತಿದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಶ್ರಾದ್ಧವಿರಲಿ, ಮುಂಜಿಯಿರಲಿ, ಅಡಿಗೆಗೆ ಮೌಶಿಗೇ ಕರೆ ಬರುತ್ತಿತ್ತು.

ಕುಳ್ಳಗಿನ ಆಳು, ದೊಡ್ಡ ದನಿ. ಸೊಂಟದಲ್ಲಿ ಸದಾ ಒಂದು ಇಕ್ಕಳ ಸಿಗಿಸಿಕೊಂಡಿರುತ್ತಿದ್ದರು. ನಗುವಾಗ ಮಾತ್ರ ಸದ್ದೇ ಇಲ್ಲ. ಭುಜ ಕುಣಿಯುತ್ತಿದ್ದವು, ಅಷ್ಟೇ. ಅವರ ಬೆನ್ನು ನೋಡಿದರೆ ಸಾಕು, ಈಗ ಯಾರದೋ ಮಾನ ಹೋಗುತ್ತಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಒಲೆ ಬಂದದ್ದು ಕಣ್ಣಿನ ಕಾರಣಕ್ಕೆ. ಮಣ್ಣಿನ ಒಲೆಯ ಹೊಗೆಯಲ್ಲಿ ಕೂತು ಕೂತು ಮೌಶಿಯ ಕಣ್ಣು ಹಣ್ಣಾಗಿದ್ದವು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಬಡಿಸುವಾಗ ತುಪ್ಪ ಎಲೆಯ ಆಚೆ ಬೀಳುತ್ತಿತ್ತು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ನೋಡಿ, ಹೊಗೆ ಬಿಡಿ, ಇಲ್ಲವಾದರೆ ಕಣ್ಣು ನಿಮ್ಮನ್ನು ಬಿಡುತ್ತವೆ ಎಂದರಂತೆ. ಒಲೆ ಬಿಟ್ಟರೆ ಊಟಕ್ಕೆ ನಿಮ್ಮ ಮನೆಗೆ ಬರಲೇ ಎಂದು ಇವರು ಕೇಳಿದರಂತೆ. ಡಾಕ್ಟರು ಅದಕ್ಕೆ ಔಷಧ ಬರೆದುಕೊಡಲಿಲ್ಲ.

ಅದೇ ಹೊತ್ತಿಗೆ ಕೆರೆಯ ಕೆಲಸ ನೋಡಲು ಬಂದು ಊರಾಚೆಯ ಬಂಗಲೆಯಲ್ಲಿದ್ದ ಇಂಜಿನಿಯರ ಸಾಹೇಬ ವಿಲಾಯತಿಗೆ ಹೊರಟ. ಅವನ ಹೆಂಡತಿ ಮಡ್ಡಮ್ಮ ರೊಟ್ಟಿ ಸುಡಲೆಂದು ತರಿಸಿದ್ದ ಒಲೆಯೊಂದು ಲಿಲಾವಿಗೆ ಬಂತು. ಹಾವೇರಿ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂದಿದ್ದ ಆ ಒಲೆಯನ್ನು ಊರು ಒಂದು ಸಲ ನೋಡಿ ಮರೆತಿತ್ತು. ಈಗ ಗುಜರಿಯವನೊಬ್ಬ ಸುತ್ತಿಗೆ ಹಿಡಿದೇ ಬಂದಿದ್ದ, ಒಡೆದು ಒಯ್ಯಲು. ಮೌಶಿ ಅದರ ಹೊಗೆ ಕೊಳವೆಯನ್ನು ಮಾತ್ರ ನೋಡಿದರು. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಮಾಡಿನ ಮೇಲೆ ಹೋಗುತ್ತದೆ ಎಂದು ಬಂಗಲೆಯ ಬಟ್ಲರ ಹೇಳಿದ. ಪೆಟ್ಟಿಗೆಯಲ್ಲಿದ್ದ ಮದುವೆಯ ಪಾಟಲಿ ಬಳೆಗಳು ಆ ಸಂಜೆಯೇ ಸಾಹುಕಾರನ ಕೈ ಸೇರಿದವು, ಸಾಹೇಬ ಮೌಶಿಯ ಅಡಿಗೆಮನೆ ಸೇರಿದ. ಅವನನ್ನು ಹೊತ್ತು ತಂದ ಹಮಾಲರು ಅಂಗಳದಲ್ಲಿ ಮಲಗಿಬಿಟ್ಟರು. ಸವಣೂರಿನಿಂದ ಬಂದ ತಗಡಿನ ಕೆಲಸದವನೊಬ್ಬ ಕೊಳವೆ ಉದ್ದ ಮಾಡಿ ಹಂಚು ತೂರಿಸಿ ಮೇಲೆ ಬಿಟ್ಟ.

ಸಾಹೇಬನಿಗೆ ತಲೆಯ ಮೇಲೆ ನಾಲ್ಕು ತೂತು, ಒಂದೊಂದಕ್ಕೂ ಬಳೆಯಂಥ ಮುಚ್ಚಳಗಳು. ಬಳೆ ತೆಗೆದರೆ ನಮ್ಮ ದುಂಡು ತಳದ ಗುಂಡಿ ಪಾತ್ರೆ ತಾನೇ ತಾನಾಗಿ ಕೂರುತ್ತಿತ್ತು. ಬಲಕ್ಕೆ ನೀರಿನ ಹಂಡೆ, ಅದಕ್ಕೆ ಹಿತ್ತಾಳೆಯ ನಳ. ಮುಂದೆ ಉದ್ದಕ್ಕೆ ಒಂದು ಸರಳು. ವಿಲಾಯತಿಯಲ್ಲಿ ಅದಕ್ಕೆ ಏನು ನೇತುಹಾಕುತ್ತಾರೋ, ಮೌಶಿ ಮಡಿ ಬಟ್ಟೆ ನೇತುಹಾಕಿದರು. ಹಾನಗಲ್ಲಿನ ಮಳೆಗಾಲದಲ್ಲಿ ಒಣ ಮಡಿ ಉಡುವುದೆಂದರೆ ನವಾಬರಿಗೂ ಸಿಗದ ಸುಖ. ಕೆಳಗಿನ ಕದ ತೆಗೆದರೆ ಬೆಚ್ಚನೆಯ ಗೂಡು. ಅದರಲ್ಲಿ ಮೊದಲ ದಿನ ಹೋಳಿಗೆ ಬಿಸಿಯಿರಲೆಂದು ಇಟ್ಟು ಮರೆತು, ಸಂಜೆ ತೆಗೆದಾಗ ಅವು ಹಂಚಿನ ಹಾಗೆ ಸದ್ದು ಮಾಡುತ್ತಿದ್ದವು. ಮೌಶಿ ಮುಖ ಒಂದಿಷ್ಟೂ ಸಣ್ಣದು ಮಾಡದೆ ಅದನ್ನು ಖಡಕ್ ಹೋಳಿಗೆ ಎಂದು ಬಡಿಸಿದರು. ಒಬ್ಬ ಕಾರಕೂನ ಮರುವಾರವೂ ಅದನ್ನೇ ಕೇಳಿದ.

ಕಾವು ನೋಡಲು ಅವರದೊಂದು ಪದ್ಧತಿ. ಬೆರಳಿನಿಂದ ಒಂದು ಹನಿ ನೀರು ಚಿಮುಕಿಸುವುದು. ಹನಿ ಕುಣಿದರೆ ರೊಟ್ಟಿ, ಅಳುತ್ತ ಕೂತರೆ ಹಾಲು. ನಮ್ಮ ಮೇಲೆ ಸಿಟ್ಟು ಬಂದರೆ ನಮಗೆ ಹೇಳುತ್ತಿರಲಿಲ್ಲ, ಸಾಹೇಬನಿಗೆ ಹೇಳುತ್ತಿದ್ದರು. ನಾನು ತಡವಾಗಿ ಬಂದ ದಿನ ಅನ್ನ ಬಡಿಸುತ್ತ, ಮಾಸ್ತರರಿಗೆ ಇವತ್ತು ಗಡಿಯಾರ ಕೆಟ್ಟಿದೆಯಂತಪ್ಪ ಸಾಹೇಬ, ನೀನಾದರೂ ಹೊತ್ತಿಗೆ ಸರಿಯಾಗಿ ಬಿಸಿಯಾಗು, ಎನ್ನುವರು. ಸಾಹೇಬ ಬಿಸಿಯಾಗುತ್ತಿದ್ದ, ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ಶುಕ್ರವಾರ ಅವನ ಹಣೆಗೆ, ಎಂದರೆ ಕದದ ಮೇಲೆ ಉಬ್ಬಿದ್ದ ಇಂಗ್ಲಿಷ್ ಅಕ್ಷರಗಳಿಗೆ, ಕುಂಕುಮ ಹಚ್ಚುತ್ತಿದ್ದರು. ತಾವು ಹಚ್ಚಿಕೊಳ್ಳುವ ಹಾಗಿರಲಿಲ್ಲ, ಅವನಿಗೆ ಹಚ್ಚುವರು.

ಸಾಹೇಬನ ಸಂಸಾರ ಎಂಟು ದಿನ ಸುಖವಾಗಿ ನಡೆಯಿತು. ಆಮೇಲೆ ಪಕ್ಕದ ಮನೆಯ ಆಚಾರ್ಯರು ಬಾಯಿ ತೆರೆದರು.

ಆಚಾರ್ಯರು ಓಣಿಗೆ ಹಿರಿಯರು, ಶಾಸ್ತ್ರ ಓದಿದವರು. ಮಡಿ, ಮೈಲಿಗೆ, ತಿಥಿ ಏನೇ ಸಂಶಯ ಬಂದರೂ ಅವರು ಹೇಳಿದ್ದೇ ಕೊನೆ. ಕೆಟ್ಟವರಲ್ಲ. ಊಟ ಮತ್ತು ವಾದ ಎರಡರಲ್ಲೂ ಅವರಿಗೆ ರುಚಿ ಇತ್ತು, ಎರಡೂ ಒಟ್ಟಿಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಸಾಹೇಬನ ಹೊಟ್ಟೆಯಲ್ಲಿ ಮೊದಲು ಏನೇನು ಬೆಂದಿತ್ತೋ ಎಂದು ಓಣಿಯವರು ತಕರಾರು ಒಯ್ದಾಗ, ಕಬ್ಬಿಣ ಬೆಂಕಿಯಲ್ಲಿ ಕಾದರೆ ಶುದ್ಧ, ಅದು ಬಿಡಿ ಎಂದು ಅವರೇ ಬಾಯಿ ಮುಚ್ಚಿಸಿದರು. ಮೌಶಿ ಗೆದ್ದೆವೆಂದುಕೊಂಡರು. ಆದರೆ ಆಚಾರ್ಯರಿಗೆ ಅಷ್ಟಕ್ಕೆ ನಿಲ್ಲಿಸುವ ಅಭ್ಯಾಸವಿರಲಿಲ್ಲ. ಒಲೆ ಅಂದ ಮೇಲೆ ದಿನಾ ಸೆಗಣಿಯಿಂದ ಸಾರಿಸಬೇಕು, ರಂಗೋಲಿ ಹಾಕಬೇಕು, ಆಮೇಲೆ ಬೆಂಕಿ. ಸಾರಿಸದ ಒಲೆ ಮುಸುರೆ, ಅದರ ಮೇಲಿನ ಅನ್ನ ದೇವರಿಗೆ ಸಲ್ಲದು, ಎಂದು ಇನ್ನೊಂದು ಮಾತು ಸೇರಿಸಿದರು. ನಮ್ಮ ಮನೆಗಳಲ್ಲಿ ಹುಟ್ಟಿದವರಿಗೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಸಾರಿಸದ ಒಲೆಯನ್ನು ಯಾರು ಕಂಡಿದ್ದರು?

ಮೌಶಿ ವಾದಕ್ಕೆ ಹೋಗಲಿಲ್ಲ. ಮರುದಿನ ಬುಟ್ಟಿ ತುಂಬ ಸೆಗಣಿ ತರಿಸಿ ಸಾಹೇಬನನ್ನು ಮುಡಿಯಿಂದ ಅಡಿಯವರೆಗೆ ಸಾರಿಸಿದರು. ಕೊಳವೆಯನ್ನೂ ಬಿಡಲಿಲ್ಲ. ಕೆಸರಿನಿಂದ ಎದ್ದುಬಂದ ಎಮ್ಮೆಯ ಹಾಗೆ ನಿಂತಿದ್ದ ಅವನ ಮೇಲೆ ಎಳೆ ರಂಗೋಲಿ ಹಾಕಿ, ಕೈ ಮುಗಿದು, ಬೆಂಕಿ ಹೊತ್ತಿಸಿದರು. ಕಬ್ಬಿಣ ಕಾದಂತೆ ಸೆಗಣಿ ಒಣಗಿ ಕುಳ್ಳಾಯಿತು, ಕುಳ್ಳು ಸುಡತೊಡಗಿತು. ಹಂಚಿನ ಸಂದಿಯಿಂದ, ಕಿಟಕಿಯಿಂದ, ಮುಂಬಾಗಿಲಿನಿಂದ ಹೊಗೆ. ನಾನು ಒಂದು ಕೆನ್ನೆಗೆ ಸಾಬೂನು ಹಚ್ಚಿಕೊಂಡೇ ಬೀದಿಗೆ ಬಂದೆ, ಕಾರಕೂನರು ಲುಟುಲುಟು ಓಡಿಬಂದರು. ಮನೆಗೆ ಬೆಂಕಿ ಬಿತ್ತೆಂದು ಯಾರೋ ಕೊಡ ತುಂಬಿ ತಂದರು. ಆಚಾರ್ಯರೂ ಕೆಮ್ಮುತ್ತ ಕಟ್ಟೆಗೆ ಬಂದು, ಏನು ಸುಡುತ್ತಿದೆ ಎಂದು ಕೂಗಿ ಕೇಳಿದರು.

ಹೊಗೆಯೊಳಗಿಂದ ಮೌಶಿಯ ದನಿ ಬಂತು. "ಶಾಸ್ತ್ರ ಸುಡ್ಲಿಕ್ಕತ್ತದ್ರಿ. ಅಂಜಬ್ಯಾಡ್ರಿ, ತಾನಽ ಆರತದ."

ಓಣಿ ನಕ್ಕಿತು. ಆದರೆ ನಕ್ಕು ಮನೆಗೆ ಹೋದ ಓಣಿ ಮಾತು ಬದಲಿಸಲಿಲ್ಲ. ಆಚಾರ್ಯರು ಹೇಳಿದ್ದು ಹೇಳಿದ್ದೇ. ಶ್ರಾದ್ಧದ ಕರೆಗಳು ನಿಂತವು. ಕಾರಕೂನರು ಬೇರೆ ಮನೆ ನೋಡುವ ಮಾತಾಡತೊಡಗಿದರು. ಮೌಶಿಯ ಮುಂದೆ ಎರಡೇ ದಾರಿ ಉಳಿದವು: ಕಣ್ಣು ಉಳಿಸಿಕೊಂಡು ಹೊಟ್ಟೆಗೆ ಇಲ್ಲದಂತಾಗುವುದು, ಇಲ್ಲವೇ ಹೊಟ್ಟೆಗಾಗಿ ಕಣ್ಣು ಕೊಡುವುದು. ಅವರು ಎರಡನೆಯದನ್ನೇ ಹಿಡಿದರು. ಸಾಹೇಬ ನೀರು ಕಾಸುವ ಆಳಾದ. ಮೂಲೆಯ ಮಣ್ಣಿನ ಒಲೆಗೆ ಮತ್ತೆ ಸೆಗಣಿ ಬಿತ್ತು, ಮೌಶಿ ಮತ್ತೆ ಊದುಗೊಳವೆ ಹಿಡಿದು ಕೂತರು. ಸಂಜೆ ದೀಪದ ಹತ್ತಿರ ಬಂದರೆ ಅವರು ಕಣ್ಣು ಮುಚ್ಚಿಕೊಂಡೇ ಮಾತಾಡುವಂತಾಯಿತು. ಒಂದು ದಿನ ನನ್ನನ್ನು ನನ್ನ ದನಿಯಿಂದಲೇ ಗುರುತಿಸಿದ್ದು ಗೊತ್ತಾಗಿ ನನಗೆ ಆಚಾರ್ಯರ ಮೇಲೆ ಬಂದ ಸಿಟ್ಟು ಇಷ್ಟಷ್ಟಲ್ಲ. ಜಗಳ ಮಾಡಿ ಬರುತ್ತೇನೆಂದು ಎದ್ದೆ. ಮೌಶಿ ಕೂರಿಸಿದರು. ಆಚಾರ್ಯರ ಬಾಯಿಂದ ಬಂದದ್ದನ್ನು ಆಚಾರ್ಯರ ಬಾಯೇ ತೆಗೆಯಬೇಕು, ನಡುವೆ ನೀವು ಕೈ ಹಾಕಿದರೆ ಕಚ್ಚುತ್ತಾರೆ, ಎಂದರು.

ಮಳೆಗಾಲದಲ್ಲಿ ಒಂದು ಸಾಧನಿ ದ್ವಾದಶಿ ಬಂತು. ಏಕಾದಶಿಯ ದಿನ ನೀರೂ ಮುಟ್ಟದೆ ಉಪವಾಸವಿದ್ದವರು ಮರುದಿನ ದ್ವಾದಶಿ ಇರುವಾಗಲೇ ಉಂಡು ಪಾರಣೆ ಮುಗಿಸಬೇಕು. ಸಾಧನಿ ಎಂದರೆ ದ್ವಾದಶಿ ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ಹೊರಟುಹೋಗುತ್ತದೆ. ಅಷ್ಟರೊಳಗೆ ಪೂಜೆ, ನೈವೇದ್ಯ, ಊಟ ಎಲ್ಲ ಆಗಬೇಕು. ತೀರ್ಥ ಕುಡಿದು ಪಾರಣೆ ಮಾಡಲು ಅನುಮತಿ ಇದೆ, ಆದರೆ ಆಚಾರ್ಯರಂಥ ಊಟಪ್ರಿಯರಿಗೆ ಅದು ಬರೀ ಪುಸ್ತಕದ ಅನುಮತಿ. ಆ ನಸುಕಿನಲ್ಲಿ ಜಿಟಿಜಿಟಿ ಮಳೆ. ನಮ್ಮ ಮನೆಯಲ್ಲಿ ಮೌಶಿ, ಯಾರು ಉಣ್ಣಲಿ ಬಿಡಲಿ ಎಂದು, ಮಣ್ಣಿನ ಒಲೆಯ ಕಡೆ ತಿರುಗಿಯೂ ನೋಡದೆ ಸಾಹೇಬನ ನಾಲ್ಕು ತೂತಿಗೂ ಪಾತ್ರೆ ಏರಿಸಿದ್ದರು. ಅನ್ನ, ಹೆಸರುಬೇಳೆಯ ತೊವ್ವೆ, ಗೋಧಿ ಪಾಯಸ, ಹಾಲು. ಗೋಡೆಯಾಚೆಯಿಂದ ಆಚಾರ್ಯರು ಹೆಂಡತಿಯ ಮೇಲೆ ಹಾರಾಡುವುದು ಇಡೀ ಓಣಿಗೆ ಕೇಳುತ್ತಿತ್ತು. ಒಲೆ ಹೊತ್ತುತ್ತಿಲ್ಲ, ಕಟ್ಟಿಗೆ ಹಸಿ, ಹೊತ್ತು ಏರುತ್ತಿದೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಆಚಾರ್ಯರು. ಒದ್ದೆ ಮಡಿ, ಎರಡೂ ಕೈಯಲ್ಲಿ ದೇವರ ಸಂಪುಟ, ಮೂಗಿನ ತುದಿಯಲ್ಲಿ ಮಳೆಯ ಹನಿ. ಹಿಂದೆ ಅವರ ಹೆಂಡತಿ, ಸೆರಗಿನಿಂದ ಕಣ್ಣೊರೆಸುತ್ತ. ಅವರನ್ನು ಮೌಶಿ ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು.

"ಅಡಿಗಿ ಆಗೇದೇನವಾ?" ಎಂದರು ಆಚಾರ್ಯರು.

"ಆಗೇದ್ರಿ. ಆದ್ರ ಸಾರಸದ ಒಲಿ ಮ್ಯಾಲೆ ಆಗೇದ."

ಆಚಾರ್ಯರು ಅಲ್ಲೇ ನಿಂತು ಸಾಹೇಬನನ್ನು ಮೇಲಿಂದ ಕೆಳಗೆ ನೋಡಿದರು. ತೀರ್ಪು ಕೊಟ್ಟ ಮೇಲೆ ಅಪರಾಧಿಯನ್ನು ಮೊದಲ ಸಲ ನೋಡುವುದು ನಮ್ಮಲ್ಲಿ ಹೊಸದಲ್ಲ. ಪಾಯಸದ ಗುಂಡಿ ಕುದಿಯುತ್ತಿತ್ತು. ಆಚಾರ್ಯರ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

"ಇದಕ್ಕ ಕಾಲ ಅವ ಏನು?"

"ನಾಕು ಅವ್ರಿ."

"ನೆಲದಾಗ ಹೂತದೇನು?"

"ಇಲ್ರಿ. ಇಟ್ಟಂಗಿ ಮ್ಯಾಲೆ ನಿಂತದ."

"ಅಂದ್ರ ಎತ್ತಿ ಇನ್ನೊಂದ ಕಡೆ ಇಡಬಹುದು."

"ಎತ್ತಾವ್ರು ಇದ್ರ ಇಡಬಹುದ್ರಿ," ಎಂದರು ಮೌಶಿ, ಬಹಳ ವಿನಯದಿಂದ.

"ಅಂದಮ್ಯಾಲೆ ಇದು ಒಲಿ ಎಲ್ಲಿಂದು? ನೆಲದಾಗ ಹೂತಿದ್ದು ಒಲಿ. ಎತ್ತಿಡೂದು ಪಾತ್ರಿ. ಇದು ಬೆಂಕಿ ಇಡೂ ಪಾತ್ರಿ. ಪಾತ್ರಿ ಯಾರರೆ ಸಾರಸ್ತಾರೇನು? ತಿಕ್ಕತಾರ."

"ಹಂಗಾರ ತಿಕ್ತೇನ್ರಿ," ಎಂದು ಮೌಶಿ ನಮ್ಮ ಕಡೆ ಬೆನ್ನು ತಿರುಗಿಸಿದರು. ಭುಜ ಕುಣಿಯುತ್ತಿದ್ದವು.

ದೇವರ ನೈವೇದ್ಯ ಅಲ್ಲೇ ಆಯಿತು. ಆಚಾರ್ಯರು ಅಲ್ಲೇ ಎಲೆ ಹಾಕಿಸಿಕೊಂಡು, ದ್ವಾದಶಿ ಹೊಸ್ತಿಲು ದಾಟುವ ಮೊದಲೇ ಪಾಯಸ ಮೂರು ಸಲ ಹಾಕಿಸಿಕೊಂಡರು. ಓಣಿಗೆ ಇನ್ನೇನು ಬೇಕು? ಸಾಹೇಬ ಪಾತ್ರೆಯಾದ ಸುದ್ದಿ ಮಧ್ಯಾಹ್ನದೊಳಗೆ ಅಕ್ಕಿಆಲೂರಿಗೂ ಮುಟ್ಟಿತು. ಮುಂದಿನ ವಾರದಿಂದ ವೈನಿಯೂ ತಮ್ಮ ಅಕ್ಕಿ ಬೇಳೆ ಹಿಡಿದುಕೊಂಡು ಹಿತ್ತಲಿಂದ ಬರತೊಡಗಿದರು. ಎಡಗಡೆಯ ಎರಡು ತೂತು ಅವರದು, ಬಲಗಡೆಯ ಎರಡು ಮೌಶಿಯದು. ಆ ಇಬ್ಬರೂ ಸಾಹೇಬನ ಎದುರು ಕೂತು ಯಾರ ಮಾನ ತೆಗೆಯುತ್ತಿದ್ದರೋ ದೇವರಿಗೇ ಗೊತ್ತು. ಪಡಸಾಲೆಯಲ್ಲಿ ನಮಗೆ ಪಿಸುಮಾತು ಮತ್ತು ಇಕ್ಕಳದ ಸದ್ದು ಮಾತ್ರ ಕೇಳುತ್ತಿತ್ತು. ಮೌಶಿಯ ಕಣ್ಣು ಮೊದಲಿನಂತಾಗಲಿಲ್ಲ, ಆದರೆ ಇದ್ದಷ್ಟು ಉಳಿದವು. ಗುಡಿಯ ಬಾಗಿಲಲ್ಲಿ ನಿಂತ ನನ್ನನ್ನು ಬಾವಿಯ ಹತ್ತಿರದಿಂದಲೇ ಗುರುತಿಸಿ, ಮಾಸ್ತರ, ಧೋತರದ ಕಚ್ಚೆ ಬಿಚ್ಚಿದೆ, ಎಂದು ಹತ್ತು ಜನರೆದುರು ಕೂಗುವಷ್ಟು ಉಳಿದವು.

ಕೆಲವು ವರ್ಷಗಳ ಮೇಲೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಹೊರಡುವ ದಿನ ಮೌಶಿ ಬುತ್ತಿ ಕಟ್ಟಿಕೊಡುತ್ತ, ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡು, ಒಂದು ಗುಟ್ಟು ಬಿಟ್ಟುಕೊಟ್ಟರು. ಆ ದ್ವಾದಶಿಯ ದಿನ ಆಚಾರ್ಯರ ಕಟ್ಟಿಗೆ ಮಳೆಗೆ ತೊಯ್ದದ್ದಲ್ಲ. ಅಟ್ಟದ ಮೇಲೆ ಬೆಚ್ಚಗೆ ಒಣಗಿದ್ದ ಕಟ್ಟಿಗೆಯನ್ನು ಇಳಿಸಿ, ಹಿಂದಿನ ದಿನ ಇಬ್ಬರೂ ಬಾವಿಯ ಹತ್ತಿರ ಮಾತಾಡಿಕೊಂಡಂತೆ, ವೈನಿಯೇ ನೀರು ಹಾಕಿದ್ದರು. ಅವರ ಕಣ್ಣು ಮೌಶಿಯದಕ್ಕಿಂತ ಹೆಚ್ಚು ಕೆಟ್ಟಿದ್ದವಂತೆ. ಯಾರಿಗೂ ಹೇಳಿರಲಿಲ್ಲ, ಮೌಶಿಗೊಬ್ಬರಿಗೇ. ನಾನು ಹಿರೇಕೆರೂರು ಮುಟ್ಟುವವರೆಗೂ ಮೋಟಾರಿನಲ್ಲಿ ಒಬ್ಬನೇ ನಗುತ್ತಿದ್ದೆ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಕಡೆ ಕೂತ.

ಮೌಶಿ ತೀರಿಕೊಂಡ ಸುದ್ದಿ ಬಂದಾಗ ನಾನು ಹಾನಗಲ್ಲಿಗೆ ಹೋದೆ. ಎರಡು ದಿನ ಜ್ವರ ಬಂದು ಹೋಗಿಬಿಟ್ಟಿದ್ದರು. ಆಚಾರ್ಯರು ಬಹಳ ಮುದುಕರಾಗಿದ್ದರು. ಅವರ ಕಟ್ಟೆಯ ಮೇಲೆ ಕೂತೆವು. ಮೌಶಿಯ ಕೈರುಚಿ, ಬಾಯಿ, ಹವಾಲ್ದಾರ, ಎಲ್ಲ ಮಾತಾಯಿತು. ದುಃಖದ ನಡುವೆಯೂ ಆ ಗುಟ್ಟು ನನಗೆ ಕಚಗುಳಿ ಇಡುತ್ತಿತ್ತು. ಇಷ್ಟು ದೊಡ್ಡ ಪಂಡಿತರನ್ನು ಇಬ್ಬರು ಹೆಂಗಸರು ಒಂದು ತಂಬಿಗೆ ನೀರಿನಲ್ಲಿ ಏಮಾರಿಸಿದರಲ್ಲ ಎಂದು. ಆಚಾರ್ಯರು ನನ್ನ ಮುಖ ನೋಡಿದರು.

"ಮಾಸ್ತರ, ಆಕಿ ನಿಮಗ ಕಟಗಿ ವಿಷಯ ಹೇಳ್ಯಾಳಂತ ಕಾಣಸ್ತದ," ಎಂದರು.

ನಾನು ಧೋತರದ ಕಚ್ಚೆ ಸರಿಮಾಡಿಕೊಳ್ಳತೊಡಗಿದೆ.

"ಅವತ್ತ ನಸುಕಿನ್ಯಾಗ ಸ್ನಾನಕ್ಕ ಎದ್ದಾಗ ನೋಡಿದೆ. ನಮ್ಮಾಕಿ ಹಿತ್ತಲದಾಗ ಕೂತು ಕಟಗಿ ಮ್ಯಾಲೆ ನೀರು ಸುರೂತಿದ್ಲು. ಒಂದೊಂದ ಕಟಗಿ ಹೊಳ್ಳಿಸಿ ಹೊಳ್ಳಿಸಿ, ಕಣ್ಣಿಗೆ ಹತ್ತರ ಹಿಡಿದು, ತೊಯ್ದದೋ ಇಲ್ಲೋ ಅಂತ ಕೈಲೆ ಮುಟ್ಟಿ ನೋಡ್ತಿದ್ಲು. ಕಾಣ್ತಿದ್ದಿಲ್ಲ ಆಕಿಗೆ. ಇಷ್ಟು ವರ್ಷ ಬಡಿಸಿಕೊಂಡು ಉಂಡೇನಿ, ಆಕಿಗೆ ಕಾಣೂದಿಲ್ಲಂತ ನನಗ ಅವತ್ತ ತಿಳೀತು."

ಒಳಗೆ ವೈನಿ ಯಾರಿಗೋ ಚಹಾ ತರಲು ಹೇಳುತ್ತಿದ್ದರು. ಮತ್ತೆ ಅಷ್ಟು ಹಾರಾಡಿದಿರಲ್ಲ, ಇಡೀ ಓಣಿಗೆ ಕೇಳುತ್ತಿತ್ತು, ನೋಡಿದ್ದರೆ ಅಲ್ಲೇ ಒಂದು ಮಾತು ಹೇಳಿ ಮುಗಿಸಬಹುದಿತ್ತು, ಎಂದೆ ನಾನು.

ಆಚಾರ್ಯರು ಗೋಡೆಯಾಚೆಯ ಮನೆಯ ಕಡೆ ನೋಡಿದರು.

"ಆಡಿದ ಮಾತು ನುಂಗೂದು ಅಂದ್ರ ಸಣ್ಣ ತುತ್ತಲ್ಲ ಮಾಸ್ತರ," ಎಂದರು. "ಭಾಳ ಹಸಿವಿ ಆಗಿರಬೇಕಾಗ್ತದ."